ಓದುತ್ತಿದೆಯೇ, ಒಪ್ಪಿಸುತ್ತಿದೆಯೇ? ಶುವೈಖ್ ಕಡೆಯ ತಂದೆತಾಯಿಯರಿಗೆ

ಒಂದನೇ ತರಗತಿಯ ಮಗು ಇಂಗ್ಲಿಷ್ ಪುಸ್ತಕದ ಪಾಠವನ್ನು ಗಡಗಡ ಹೇಳಿದರೆ ಮನೆಯವರಿಗೆಲ್ಲ ಖುಷಿ. ಊರಿಗೆ ವಿಡಿಯೊ ಕಾಲ್ ಮಾಡಿ ಅಜ್ಜ ಅಜ್ಜಿಗೂ ಕೇಳಿಸುತ್ತೇವೆ. ಆ ಖುಷಿ ಕೆಡಿಸದೆಯೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಅದೇ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿ. ಮಗು ತಡವರಿಸಿ, ಮೊದಲ ಸಾಲಿಗೆ ಓಡಿ, ಅಲ್ಲಿಂದ ಪಾಠ ಹೇಳುತ್ತಾ ಬಂದು ಆ ಪದವನ್ನು ಮುಟ್ಟಿದರೆ ಅದು ಪುಸ್ತಕವನ್ನು ಒಪ್ಪಿಸುತ್ತಿದೆ. ಓದು ಇನ್ನೂ ಬಂದಿಲ್ಲ. ಬಾಯಿಪಾಠದ ಮೇಲೆ ಎರಡನೇ ತರಗತಿಯವರೆಗೆ ಗಾಡಿ ಓಡುತ್ತದೆ. ಮೂರನೆಯದಕ್ಕೆ ಬಂದಾಗ ವಿಜ್ಞಾನ, ಸಮಾಜ, ಗಣಿತದ ಲೆಕ್ಕದ ವಾಕ್ಯ ಎಲ್ಲವನ್ನೂ ಮಗು ತಾನೇ ಓದಿ ತಿಳಿಯಬೇಕು. ಅಲ್ಲಿ ನಿಂತುಬಿಡುತ್ತದೆ. ಆಗ ನಾವು ಟ್ಯೂಷನ್ ಹುಡುಕಲು ಹೊರಡುತ್ತೇವೆ.

ಕುವೈತಿನ ಶಾಲೆಯ ಚರಿತ್ರೆಯಲ್ಲಿ ಶುವೈಖ್‌ಗೆ ದೊಡ್ಡ ಜಾಗವಿದೆ. ದೇಶದ ಮೊದಲ ವ್ಯವಸ್ಥಿತ ಶಾಲೆ ಮುಬಾರಕಿಯಾ 1911ರಲ್ಲಿ ಹಳೇ ಪೇಟೆಯೊಳಗೆ ತೆರೆಯಿತು; ಶುವೈಖ್ ಸೆಕೆಂಡರಿ ಶಾಲೆ 1953ರಲ್ಲಿ ಬಂತು. 1966ರಲ್ಲಿ ಶುರುವಾದ ಕುವೈತ್ ವಿಶ್ವವಿದ್ಯಾಲಯಕ್ಕೂ ಶುವೈಖ್‌ನಲ್ಲಿ ದೊಡ್ಡ ಕ್ಯಾಂಪಸ್ ಇತ್ತು. ನಮ್ಮವರಿಗೆ ಮಾತ್ರ ಶುವೈಖ್ ಎಂದರೆ ಬಂದರು, ಗ್ಯಾರೇಜು ಸಾಲು, ಗೋದಾಮು, ಸಬಾಹ್ ಆಸ್ಪತ್ರೆಗಳ ಸಮುಚ್ಚಯ. ಕೆಲಸ ಇಲ್ಲಿ, ಮನೆ ಅಬ್ಬಾಸಿಯಾ, ಫರ್ವಾನಿಯಾ, ಸಾಲ್ಮಿಯಾ ಕಡೆ. ಮಕ್ಕಳು ಹೆಚ್ಚಾಗಿ ಸಿಬಿಎಸ್‌ಇ ಶಾಲೆಗಳಲ್ಲಿ, ಕೆಲವರು ಬ್ರಿಟಿಷ್ ಪಠ್ಯಕ್ರಮದಲ್ಲಿ. ಭಾರತೀಯ ಶಾಲೆಯ ವರ್ಷ ಏಪ್ರಿಲ್‌ಗೆ ಶುರುವಾಗಿ, ಬಿಸಿಲೇರಿದ ಮೇಲೆ ಉದ್ದ ರಜೆ ಬಂದು, ಮತ್ತೆ ಹಿಡಿಯಬೇಕು. ಬ್ರಿಟಿಷ್ ಶಾಲೆಯ ವರ್ಷ ಸೆಪ್ಟೆಂಬರ್‌ಗೆ ಶುರು. ಏಪ್ರಿಲ್‌ಗೆ ಶುರು ಮಾಡಿದ ಭಾರತೀಯ ಶಾಲೆಯ ಮಕ್ಕಳಿಗೆ ಎರಡು ತಿಂಗಳಲ್ಲಿ ಕಲಿತ ಅಕ್ಷರ ರಜೆಯಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ರಜೆಗೆ ಹೊರಡುವಾಗ ಸೂಟ್‌ಕೇಸಿನಲ್ಲಿ ಚಾಕೊಲೆಟ್ ಜೊತೆ ನಾಲ್ಕು ತೆಳು ಪುಸ್ತಕಗಳಿಗೂ ಜಾಗ ಮಾಡಿ.

ಎಸ್ ಅಂದರೆ ‘ಸ’ ಅಲ್ಲ, ‘ಸ್’

ಬ್ರಿಟಿಷ್ ಶಾಲೆಗಳಲ್ಲಿ, ಈಚೆಗೆ ಹಲವು ಭಾರತೀಯ ಶಾಲೆಗಳ ಕೆ.ಜಿ.ಯಲ್ಲೂ, ಇಂಗ್ಲಿಷ್ ಓದು ಶುರುವಾಗುವುದು ಫೋನಿಕ್ಸ್‌ನಿಂದ. ಎ ಬಿ ಸಿ ಡಿ ಕ್ರಮವನ್ನು ಅಲ್ಲಿ ಬದಿಗಿಡುತ್ತಾರೆ. 1992ರಲ್ಲಿ ಬಂದ ಜಾಲಿ ಫೋನಿಕ್ಸ್ ಪದ್ಧತಿಯನ್ನೇ ನೋಡಿ: ಇಂಗ್ಲಿಷಿನ 42 ಧ್ವನಿಗಳನ್ನು ಏಳು ಗುಂಪು ಮಾಡಿದ್ದಾರೆ. ಮೊದಲ ಗುಂಪು ಎಸ್, ಎ, ಟಿ, ಐ, ಪಿ, ಎನ್. ಈ ಆರು ಬಂದರೆ ಮಗು ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್ ಎಂದು ಪದ ಕಟ್ಟಬಹುದು. ಇಪ್ಪತ್ತಾರು ಅಕ್ಷರ ಮುಗಿಯುವ ತನಕ ಕಾಯಬೇಕಾಗಿಲ್ಲ.

ಮನೆಯಲ್ಲಿ ನಾವು ಎಡವುವುದು ಉಚ್ಚಾರದಲ್ಲಿ. ‘ಸ-ಆ್ಯ-ಟ’ ಎಂದು ಹೇಳಿಕೊಟ್ಟರೆ ಮಗು ಎಷ್ಟು ಕೂಡಿಸಿದರೂ ‘ಸ್ಯಾಟ್’ ಬರುವುದಿಲ್ಲ, ಯಾಕೆಂದರೆ ನಾವು ಪ್ರತಿ ವ್ಯಂಜನಕ್ಕೂ ಒಂದು ಅಕಾರ ಅಂಟಿಸಿ ಕೊಟ್ಟಿದ್ದೇವೆ. ಇಂಗ್ಲಿಷ್ ಮನೆಮಾತಿನವರು ಇದನ್ನು ಮಕ್ಕಳಿಗೆ ತಿಳಿಸಲು ಒದ್ದಾಡುತ್ತಾರೆ. ಕನ್ನಡ ಓದಲು ಬರುವ ತಾಯಿಗೆ ಒದ್ದಾಟವೇ ಇಲ್ಲ, ನಮ್ಮ ಲಿಪಿಯಲ್ಲಿ ಅರ್ಧಾಕ್ಷರ ಸಿದ್ಧವಾಗಿದೆ: ಸ್, ಟ್, ಪ್, ನ್. ಶಾಲೆಯ ಫೋನಿಕ್ಸ್ ಪಟ್ಟಿಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಈ ಅರ್ಧಾಕ್ಷರಗಳನ್ನು ಬರೆದಿಟ್ಟುಕೊಳ್ಳಿ. ಬಸ್ಸು, ಪೆನ್ನು, ಕಾರು ಎಂದು ಕೊನೆಗೆ ಉಕಾರ ಸೇರಿಸುವ ನಮ್ಮ ಬಾಯಿಯ ರೂಢಿ ಮಾತಿಗೆ ಚೆನ್ನ. ಫೋನಿಕ್ಸ್ ಹೇಳಿಕೊಡುವ ಹತ್ತು ನಿಮಿಷ ಮಾತ್ರ ಅದನ್ನು ಬಿಟ್ಟರೆ ಸಾಕು.

ಶಾಲೆಯಲ್ಲಿ ಅರ್ಥವೇ ಇಲ್ಲದ ಪದ ಓದಿಸುತ್ತಾರೆ ಎಂದು ಕೆಲವು ತಂದೆತಾಯಿಯರಿಗೆ ತಕರಾರು. ಅದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ 2012ರಿಂದ ಇಯರ್ ಒನ್ ಮಕ್ಕಳಿಗೆ ಒಂದು ಸಣ್ಣ ಫೋನಿಕ್ಸ್ ತಪಾಸಣೆ ನಡೆಯುತ್ತದೆ. ಒಟ್ಟು 40 ಪದ, ಅದರಲ್ಲಿ 20 ನಿಜವಾದವು, 20 ಹುಟ್ಟಿಸಿದವು. ಹುಟ್ಟಿಸಿದ ಪದವನ್ನು ಯಾವ ಮಗುವೂ ಮೊದಲೇ ಬಾಯಿಪಾಠ ಮಾಡಿರಲಾರದು. ಅಕ್ಷರದಿಂದ ಧ್ವನಿ, ಧ್ವನಿಯಿಂದ ಪದ ಎಂಬ ದಾರಿ ಕೂತಿದೆಯೇ ಎಂದು ಅದು ತೋರಿಸಿಕೊಡುತ್ತದೆ. ಮೇಲೆ ಹೇಳಿದ ಬೆರಳಿಡುವ ಪರೀಕ್ಷೆಯ ಇನ್ನೊಂದು ರೂಪ, ಅಷ್ಟೆ.

ಹಾಗೆಂದು ಇಂಗ್ಲಿಷಿನ ಎಲ್ಲ ಪದಗಳೂ ಈ ದಾರಿಯಲ್ಲಿ ಬರುವುದಿಲ್ಲ. ‘ಸೆಡ್’, ‘ವಾಸ್’ ಮುಂತಾದವನ್ನು ನೋಡಿ ನೋಡಿಯೇ ಗುರುತಿಸಬೇಕು. ಅದಕ್ಕೆ ಶಾಲೆ ಒಂದು ಪಟ್ಟಿ ಕೊಡುತ್ತದೆ. ಫ್ರಿಜ್ ಮೇಲೆ ಅಂಟಿಸಿ.

ಆದರೆ ಒಂದು ಕ್ರಮ ನನಗೆ ಒಪ್ಪಿಗೆಯಿಲ್ಲ: ಪದ ಗೊತ್ತಾಗದಿದ್ದರೆ ಚಿತ್ರ ನೋಡಿ ಊಹಿಸು ಎನ್ನುವುದು. ಕುದುರೆಯ ಚಿತ್ರ ಇರುವ ಕಡೆ ‘ಪೋನಿ’ ಎಂದು ಬರೆದಿದ್ದರೂ ಮಗು ‘ಹಾರ್ಸ್’ ಎನ್ನುತ್ತದೆ, ನಾವೂ ತಲೆಯಾಡಿಸುತ್ತೇವೆ. ಚಿತ್ರವಿಲ್ಲದ ಪುಸ್ತಕ ಕೈಗೆ ಬಂದ ದಿನ ಆ ಊಹೆ ಕೈಕೊಡುತ್ತದೆ. ಮೊದಲ ವರ್ಷದ ಪುಸ್ತಕಗಳಲ್ಲಿ ಮಗುವಿಗೆ ಆಗಲೇ ಕಲಿಸಿದ ಧ್ವನಿಗಳ ಪದಗಳೇ ಹೆಚ್ಚು ಇರಬೇಕು. ನಿಮ್ಮ ಶಾಲೆ ಕೊಡುವ ಪುಸ್ತಕ ಹಾಗಿದೆಯೇ ಎಂದು ನೀವೇ ಎರಡು ಪುಟ ಓದಿದರೆ ಗೊತ್ತಾಗುತ್ತದೆ.

ಪುಸ್ತಕಗಳಿಗೆ ಬಣ್ಣದ ಪಟ್ಟಿ ಹಚ್ಚಿ ಹಂತ ಮಾಡುವ ಪದ್ಧತಿ ಇದೆಯಲ್ಲ, ಅದು ವಾಟ್ಸ್ಯಾಪ್ ಗುಂಪುಗಳಲ್ಲಿ ರೇಸ್ ಆಗಿಬಿಟ್ಟಿದೆ. ‘ನಿಮ್ಮ ಮಗ ಯಾವ ಕಲರ್?’ ಎಂಬ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಏನೂ ನಷ್ಟವಿಲ್ಲ. ಮಗು ಒಂದು ಪುಟದಲ್ಲಿ ಸಾಲುಸಾಲಿಗೂ ಎಡವುತ್ತಿದ್ದರೆ ಆ ಬಣ್ಣ ಮೇಲಿನದ್ದಾಯಿತು, ಒಂದು ಮೆಟ್ಟಿಲು ಇಳಿಸಿ ಎಂದು ಟೀಚರ್‌ಗೆ ರೀಡಿಂಗ್ ಡೈರಿಯಲ್ಲಿ ಬರೆದು ಕಳಿಸಿ.

ಡೈರಿಯ ಮಾತು ಬಂತು. ಹೆಚ್ಚಿನ ಡೈರಿಗಳಲ್ಲಿ ತಂದೆತಾಯಿ ಬರೆಯುವ ಅಂಕಣದಲ್ಲಿ ಕಾಣುವುದು ‘ಗುಡ್’, ‘ವೆರಿ ಗುಡ್’, ಕೆಳಗೊಂದು ಸಹಿ. ಟೀಚರ್‌ಗೆ ಇದರಿಂದ ಏನೂ ತಿಳಿಯದು. ‘ಎಸ್‌ಎಚ್ ಬಂದಲ್ಲೆಲ್ಲ ಎಸ್ ಎಂದೇ ಓದಿದಳು, ನಾಲ್ಕನೇ ಪುಟದ ತಮಾಷೆಗೆ ನಕ್ಕಳು, ಮುಂದೇನಾಗಬಹುದು ಅಂತ ಕೇಳಿದಾಗ ಹೇಳಲಿಲ್ಲ’ ಎಂದು ಎರಡು ಸಾಲು ಬರೆದರೆ ಮಾರನೇ ದಿನ ಏನು ಕಲಿಸಬೇಕೆಂದು ಟೀಚರ್‌ಗೆ ಗೊತ್ತಾಗುತ್ತದೆ.

ಸಿಬಿಎಸ್‌ಇ ಶಾಲೆಯ ಅಳತೆಗೋಲು

ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರನೇ ತರಗತಿಯೊಳಗೆ ಎಲ್ಲ ಮಕ್ಕಳಿಗೂ ಓದು ಮತ್ತು ಲೆಕ್ಕ ಬರಬೇಕು ಎಂದು ಗೆರೆ ಎಳೆಯಿತು. 2021ರ ಜುಲೈಯಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ ಅದಕ್ಕೆ ಅಳತೆ ಕೊಟ್ಟಿತು. ಒಂದನೇ ತರಗತಿ ಮುಗಿಸಿದ ಮಗು, ತಾನು ಮೊದಲು ನೋಡಿರದ ಪಠ್ಯದಲ್ಲಿ ನಾಲ್ಕೈದು ಸರಳ ಪದಗಳ ವಾಕ್ಯ ಓದಬೇಕು. ಎರಡನೇ ತರಗತಿಗೆ ಅರ್ಥಸಹಿತ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದಕ್ಕೆ ಕನಿಷ್ಠ 60. ‘ಮೊದಲು ನೋಡಿರದ’ ಎಂಬುದನ್ನು ಗಮನಿಸಿ. ಪಠ್ಯಪುಸ್ತಕದ ಪಾಠವನ್ನೇ ಓದಿಸಿ ಗಡಿಯಾರ ಹಿಡಿದರೆ ಅದು ಪರೀಕ್ಷೆಯಾಗದು. ಈ ಯೋಜನೆ ಭಾರತದೊಳಗಿನ ಶಾಲೆಗಳಿಗೆ ಮಾಡಿದ್ದು. ಕುವೈತಿನ ಮನೆಯಲ್ಲಿ ಇದನ್ನು ಅಳತೆಗೋಲಾಗಿ ಬಳಸಲು ಯಾರ ಅಪ್ಪಣೆಯೂ ಬೇಡ. ಕನ್ನಡಕ್ಕೆ ಮಾತ್ರ ಇದೇ ಅಂಕಿ ಹಿಡಿಯಬೇಡಿ. ‘ಹೋಗಬೇಕಾಗಿತ್ತಂತೆ’ ನಮ್ಮಲ್ಲಿ ಒಂದೇ ಪದ.

2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಭಾಷಾ ಕಲಿಕೆಗೆ ನಾಲ್ಕು ಭಾಗ ಮಾಡಿದೆ: ಮಾತು, ಪದ ಗುರುತಿಸುವುದು, ಓದು, ಬರಹ. ನಮ್ಮ ಶಾಲೆಗಳಲ್ಲಿ ಕೊನೆಯದಕ್ಕೆ ಮೊದಲ ಮಣೆ. ಕಾಪಿ ಬರೆದ ಪುಟಗಳು ತುಂಬಿದ್ದರೆ ನಮಗೂ ಸಮಾಧಾನ. ಮಗು ತರಗತಿಯಲ್ಲಿ ಎಷ್ಟು ಹೊತ್ತು ಬಾಯಿ ಬಿಟ್ಟು ಮಾತಾಡಿತು ಎಂದು ಯಾರೂ ಕೇಳುವುದಿಲ್ಲ. ಮೂವತ್ತು ಚಿಲ್ಲರೆ ಮಕ್ಕಳಿರುವ ತರಗತಿಯಲ್ಲಿ ಟೀಚರ್‌ಗೂ ಅದು ಸುಲಭವಲ್ಲ ಎಂಬುದು ನಿಜ. ಆದರೂ ಐದಾರು ಮಕ್ಕಳ ಗುಂಪು ಕರೆದು, ಒಬ್ಬೊಬ್ಬರ ಓದು ಕೇಳಿ, ಮಾತಾಡಿಸುವ ವ್ಯವಸ್ಥೆ ಮಾಡಿಕೊಂಡಿರುವ ಶಾಲೆಗಳಿವೆ. ಉಳಿದ ಮಕ್ಕಳು ಆ ಹೊತ್ತಿಗೆ ಏನು ಮಾಡುತ್ತಾರೆ ಎಂಬುದರಿಂದ ಆ ವ್ಯವಸ್ಥೆಯ ಗಟ್ಟಿತನ ಗೊತ್ತಾಗುತ್ತದೆ.

ಗದ್ದೆ ನೋಡದ ಮಗು ಗದ್ದೆಯ ಪಾಠ ಓದಿದಾಗ

ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಓದು. ಕೂಡಿಸುವುದಲ್ಲ, ಗುಣಿಸುವುದು, ಯಾವುದಾದರೂ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ನಮ್ಮ ನಡುವೆಯೇ ಎರಡೂ ತುದಿಗಳಿವೆ. ಬ್ಯಾರಿ, ನವಾಯತ ಮನೆಗಳ ಮಕ್ಕಳು ಅರಬಿಯನ್ನು ಸ್ವರ ತಪ್ಪದೆ ಓದಬಲ್ಲರು, ಅರ್ಥ ಆಮೇಲೆ ಕಲಿಯುತ್ತಾರೆ. ಇತ್ತ ಅಕ್ಷರ ಕಲಿಯದ ಎಷ್ಟೋ ಅಜ್ಜಿಯಂದಿರು ರಾತ್ರಿಯಿಡೀ ಯಕ್ಷಗಾನದ ಅರ್ಥಗಾರಿಕೆ ಕೇಳಿ, ಯಾವ ವೇಷಧಾರಿ ಎಲ್ಲಿ ಜಾರಿದ ಎಂದು ಬೆಳಿಗ್ಗೆ ಹೇಳಬಲ್ಲರು. ಮಗುವಿಗೆ ಈ ಎರಡೂ ಒಟ್ಟಿಗೆ ಬೇಕು.

ಫೋನಿಕ್ಸ್ ಮೊದಲ ಅರ್ಧವನ್ನು ಎರಡು ಮೂರು ವರ್ಷದಲ್ಲಿ ಮುಗಿಸಿಬಿಡುತ್ತದೆ. ಎರಡನೆಯ ಅರ್ಧ ಬರುವುದು ಇಡೀ ಪಠ್ಯಕ್ರಮದಿಂದ, ಮನೆಯ ಮಾತಿನಿಂದ. ಇದನ್ನು ತೋರಿಸಿದ ಹೆಸರಾಂತ ಪ್ರಯೋಗವೊಂದು 1988ರಲ್ಲಿ ಅಮೆರಿಕದಲ್ಲಿ ನಡೆಯಿತು. ರೆಕ್ಟ್ ಮತ್ತು ಲೆಸ್ಲಿ ಎಂಬವರು ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು.

ಕುವೈತಿನಲ್ಲಿ ಹುಟ್ಟಿ ಬೆಳೆದ ಮಗುವಿನ ಮುಂದೆ ಇದನ್ನಿಟ್ಟು ನೋಡಿ. ಭಾರತದ ಪಠ್ಯಪುಸ್ತಕದಲ್ಲಿ ಮಳೆ, ಕೆಸರು, ನೇಜಿ, ಎತ್ತಿನ ಗಾಡಿ. ಇಂಗ್ಲೆಂಡಿನ ಪುಸ್ತಕದಲ್ಲಿ ಹಿಮ, ಹಂದಿ ಸಾಕುವ ಫಾರ್ಮ್, ಚಿಮಣಿ. ಇವೆರಡನ್ನೂ ಅದು ನೋಡಿಲ್ಲ. ಅದಕ್ಕೆ ಗೊತ್ತಿರುವ ಧೂಳುಗಾಳಿ, ಒಂಟೆ, ಕಡಲು, ಕ್ರೇನು, ಕಂಟೈನರ್ ಯಾವ ಪಾಠದಲ್ಲೂ ಇಲ್ಲ. ಅದು ಅಕ್ಷರ ಸರಿಯಾಗಿ ಓದಿ, ಪ್ರಶ್ನೆಗೆ ಉತ್ತರ ಹೇಳದೆ ಕೂತರೆ ‘ಕಾಂಪ್ರಹೆನ್ಶನ್ ವೀಕ್’ ಎಂದು ರಿಪೋರ್ಟಿನಲ್ಲಿ ಬರುತ್ತದೆ. ಕಾಂಪ್ರಹೆನ್ಶನ್ ವರ್ಕ್‌ಶೀಟ್ ಇನ್ನಷ್ಟು ತಂದು ಮಾಡಿಸಿದರೆ ಇದು ಸರಿಹೋಗದು. ರಜೆಯಲ್ಲಿ ಊರಿಗೆ ಹೋದಾಗ ಗದ್ದೆಯ ಬದುವಿನಲ್ಲಿ ಅರ್ಧ ಗಂಟೆ ನಡೆಸಿದರೆ ಹತ್ತು ಪಾಠ ಒಟ್ಟಿಗೆ ತಿಳಿಯುತ್ತದೆ.

ಆದ್ದರಿಂದ ಶಾಲೆಯ ಓದನ್ನು ತೂಗುವಾಗ ಇಂಗ್ಲಿಷ್ ಪೀರಿಯಡ್ ಒಂದನ್ನೇ ನೋಡಬೇಡಿ. ವಿಜ್ಞಾನ, ಚಿತ್ರಕಲೆ, ಸಂಗೀತ, ಆಟದ ಪೀರಿಯಡ್‌ಗಳನ್ನು ಪರೀಕ್ಷೆ ಹತ್ತಿರ ಬಂದಾಗ ಗಣಿತಕ್ಕೆ ಕೊಟ್ಟುಬಿಡುವ ಶಾಲೆ ತನಗೆ ಗೊತ್ತಿಲ್ಲದೆಯೇ ಓದಿನ ಬೇರು ಕತ್ತರಿಸುತ್ತಿರುತ್ತದೆ. ಹೊಸ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಮೂರನೇ ತರಗತಿಗೆ ಇಂಗ್ಲಿಷಿನ ‘ಸಂತೂರ್’, ಗಣಿತದ ‘ಮ್ಯಾತ್ಸ್ ಮೇಳ’ದ ಜೊತೆ ಕಲೆಗೆ ‘ಬಾನ್ಸುರಿ’, ಆಟಕ್ಕೆ ‘ಖೇಲ್ ಯೋಗ’ ಎಂದು ಬೇರೆ ಪುಸ್ತಕಗಳೇ ಇವೆ. ನಿಮ್ಮ ಶಾಲೆ ಅವನ್ನು ತೆರೆಯುತ್ತದೆಯೋ ಬರೇ ಬ್ಯಾಗಿನಲ್ಲಿ ಹೊರಿಸುತ್ತದೆಯೋ ಮಗುವನ್ನೇ ಕೇಳಿ.

ಬ್ರಿಟಿಷ್ ಪ್ರೈಮರಿಗಳಲ್ಲಿ ಅರ್ಧ ಟರ್ಮ್‌ಗೆ ಒಂದು ವಿಷಯ ಹಿಡಿದು ಚರಿತ್ರೆ, ಭೂಗೋಳ, ಕಲೆ, ಬರಹವನ್ನು ಅದರ ಸುತ್ತ ಕಟ್ಟುವ ರೂಢಿಯಿದೆ. ರೋಮನ್ನರು, ಲಂಡನ್ನಿನ ಬೆಂಕಿ ಎಲ್ಲ ಬರುತ್ತವೆ. ಕುವೈತಿನಲ್ಲಿರುವ ಶಾಲೆಗೆ ಅದಕ್ಕಿಂತ ಹತ್ತಿರದ ಒಳ್ಳೆಯ ವಿಷಯ ಬಾಗಿಲಲ್ಲೇ ಇದೆ. ಎಣ್ಣೆ ಬರುವ ಮೊದಲು ಕುವೈತಿನ ಹಾಯಿಹಡಗುಗಳು ಬಸ್ರಾದ ಖರ್ಜೂರ ತುಂಬಿಕೊಂಡು ಕರಾಚಿ, ಮುಂಬಯಿ, ಮಂಗಳೂರು, ಕಲ್ಲಿಕೋಟೆಗೆ ಹೋಗುತ್ತಿದ್ದವು. ಮರಳುವಾಗ ಮರ, ಹುರಿಹಗ್ಗ, ಸಾಂಬಾರ ಪದಾರ್ಥ. ಕುವೈತಿನ ಹಡಗು ಕಟ್ಟಿದ್ದೇ ಭಾರತದ ಪಡುವಣ ಕರಾವಳಿಯಿಂದ ಬಂದ ಮರದಲ್ಲಿ. ಇಲ್ಲಿ 1961ರವರೆಗೆ ಚಲಾವಣೆಯಲ್ಲಿ ಇದ್ದದ್ದು ರೂಪಾಯಿ. ಮಂಗಳೂರಿನ ಬಂದರು, ಶುವೈಖ್‌ನ ಬಂದರು ಎರಡನ್ನೂ ಒಂದು ನಕ್ಷೆಯಲ್ಲಿ ಗೆರೆ ಎಳೆದು ಸೇರಿಸಿದರೆ ಮಗುವಿಗೆ ಮಾನ್ಸೂನ್ ಗಾಳಿ, ವ್ಯಾಪಾರ, ನಾಣ್ಯ ಎಲ್ಲ ಒಂದೇ ಕಥೆಯಾಗುತ್ತದೆ. ಶಾಲೆ ಮಾಡದಿದ್ದರೆ ಬಂದರಿನಲ್ಲಿ ಕೆಲಸ ಮಾಡುವ ಅಪ್ಪ ಒಂದು ಶುಕ್ರವಾರ ಮಾಡಬಹುದು.

ಮನೆಯಲ್ಲಿ ಯಾವ ಮಾತು?

ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿಬರುವ ಸಲಹೆ ಒಂದಿದೆ: ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ.’ ಟೀಚರ್ ಒಳ್ಳೆಯದಕ್ಕೇ ಹೇಳುತ್ತಾರೆ, ಆದರೆ ಇದನ್ನು ಪಾಲಿಸಬೇಡಿ. ತನಗೆ ಸಲೀಸಲ್ಲದ ಭಾಷೆಯಲ್ಲಿ ತಾಯಿ ಆಡುವುದು ‘ಈಟ್ ಫಾಸ್ಟ್’, ‘ಡೋಂಟ್ ಟಚ್’, ‘ಕಮ್ ಹಿಯರ್’ ಅಷ್ಟೇ. ತುಳುವಿನಲ್ಲೋ ಕೊಂಕಣಿಯಲ್ಲೋ ಕುಂದಾಪುರ ಕನ್ನಡದಲ್ಲೋ ಆಡಿದರೆ ಅಲ್ಲಿ ಯಾಕೆ, ಹೇಗೆ, ಆಮೇಲೇನಾಯಿತು, ನೀನಾದರೆ ಏನು ಮಾಡ್ತಿದ್ದೆ ಎಲ್ಲ ಬರುತ್ತದೆ. ಕಾರ್ಯಕಾರಣ, ಹೋಲಿಕೆ, ಕಥೆಯ ನಡೆ ಒಂದು ಭಾಷೆಯಲ್ಲಿ ಮೂಡಿದರೆ ಇನ್ನೊಂದಕ್ಕೆ ದಾಟುತ್ತದೆ.

ಅರಬಿಯ ವಿಷಯ ಬೇರೆ. ಅದು ಎಷ್ಟನೇ ತರಗತಿಯಿಂದ, ವಾರಕ್ಕೆ ಎಷ್ಟು ಪೀರಿಯಡ್, ಪರೀಕ್ಷೆ ಇದೆಯೇ ಎಂದು ಸೇರಿಸುವಾಗಲೇ ಕೇಳಿ. ಆರು ವರ್ಷದ ಮಗು ಇಂಗ್ಲಿಷನ್ನು ಎಡದಿಂದ ಬಲಕ್ಕೆ, ಅರಬಿಯನ್ನು ಬಲದಿಂದ ಎಡಕ್ಕೆ, ಹಿಂದಿಯನ್ನು ತಲೆಗೆರೆ ಎಳೆದು ಬರೆಯುವುದಕ್ಕೆ ಗಾಬರಿಯಾಗಬೇಕಾಗಿಲ್ಲ. ಮಕ್ಕಳು ಬೇಗ ಬೇರ್ಪಡಿಸಿಕೊಳ್ಳುತ್ತಾರೆ. ಮದ್ರಸಕ್ಕೆ ಹೋಗುವ ಮಕ್ಕಳಿಗೆ ಅಕ್ಷರ ಆಗಲೇ ಬಂದಿರುತ್ತದೆ, ಅವರಿಗೆ ಬೇಕಾದದ್ದು ಪದದ ಅರ್ಥ. ಶುವೈಖ್ ಇಂಡಸ್ಟ್ರಿಯಲ್‌ನಲ್ಲಿ ಟೈರ್ ಬದಲಿಸಲು ಗಾಡಿ ನಿಲ್ಲಿಸಿದಾಗ ಸುತ್ತಲಿನ ಬೋರ್ಡ್‌ಗಳನ್ನು ಓದಿಸಿ. ಒಂದೇ ಹೆಸರು ಮೇಲೆ ಅರಬಿಯಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ಇರುತ್ತದೆ. ಎರಡನ್ನೂ ತಾಳೆ ಹಾಕುವ ಆಟ ಮಕ್ಕಳಿಗೆ ಬೇಸರ ತರುವುದಿಲ್ಲ.

ಇನ್ನು ಕನ್ನಡ. ಸಿಬಿಎಸ್‌ಇಯ ವಿಷಯಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಸಾಕಷ್ಟು ಮಕ್ಕಳು ಮತ್ತು ಒಬ್ಬ ಟೀಚರ್ ಇದ್ದರೆ ಮಾತ್ರ ಶಾಲೆ ಅದನ್ನು ತೆಗೆದುಕೊಳ್ಳಬಹುದು. ದುಬೈಯಲ್ಲಿ ಕನ್ನಡ ಮಿತ್ರರು ಸಂಘದವರು 2014ರಿಂದ ಉಚಿತ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ಕುವೈತ್ ಕನ್ನಡ ಕೂಟದಂಥ ಸಂಘಗಳ ಕಾರ್ಯಕ್ರಮಕ್ಕೆ ಹೋದಾಗ ಮಕ್ಕಳ ಕನ್ನಡ ತರಗತಿಯ ಬಗ್ಗೆ ವಿಚಾರಿಸಿ. ಅಲ್ಲಿಯತನಕ ಮನೆಯೇ ಶಾಲೆ.

ಮನೆಯಲ್ಲಿ ಅ, ಆ, ಇ, ಈ ಎಂದು ವರ್ಣಮಾಲೆಯಿಂದ ಶುರು ಮಾಡಬೇಡಿ. ಋ, ಐ, ಔ ಬರುವಷ್ಟರಲ್ಲಿ ಮಗುವಿಗೂ ನಿಮಗೂ ಸಾಕಾಗಿರುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಬರೆಯಲು ಸುಲಭ, ಪದ ಕಟ್ಟಲು ಸಿದ್ಧ. ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ. ‘ಅರಸರ ಸರ’ ಎಂದು ಬರೆದು ತೋರಿಸಿ. ಒಂದು ವಾರದಲ್ಲಿ ಮಗು ಕನ್ನಡ ಓದಿತು ಎಂದು ನೀವೇ ಊರಿಗೆ ಫೋನ್ ಮಾಡುತ್ತೀರಿ. ಆಮೇಲೆ ಕಾಗುಣಿತ, ಒತ್ತಕ್ಷರ ನಿಧಾನಕ್ಕೆ ಬರಲಿ. ಸೋನಾಲಿ ನಾಗ್ ಅವರು ಕರ್ನಾಟಕದ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡ ಕಲಿಯುವ ಮಕ್ಕಳ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ಕಂಡಿದ್ದಾರೆ. ಅದೂ ಊರಲ್ಲೇ ಇದ್ದು ಶಾಲೆಯಲ್ಲಿ ಕಲಿತವರದು. ವಾರಕ್ಕೆ ಎರಡು ದಿನ ಅರ್ಧ ಗಂಟೆ ಕಲಿಯುವ ನಮ್ಮ ಮಕ್ಕಳಿಗೆ ಒಂದೇ ವರ್ಷದ ಗಡುವು ಕೊಡುವುದು ನ್ಯಾಯವಲ್ಲ.

ಓದಲು ಬೇಕಾದದ್ದು ಕೈಯಳತೆಯಲ್ಲೇ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ಅದೇ ಕಥೆ ಇಂಗ್ಲಿಷಿನಲ್ಲೂ ಇರುವುದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳ ಪಿಡಿಎಫ್ ಇಳಿಸಿಕೊಳ್ಳುವುದಾದರೆ ಪ್ರಥಮ ಭಾಷೆಯದಕ್ಕಿಂತ ದ್ವಿತೀಯ ಭಾಷೆಯ ‘ತಿಳಿ ಕನ್ನಡ’ ನಮ್ಮ ಮಕ್ಕಳಿಗೆ ಹೊಂದುತ್ತದೆ. ಬ್ರಿಟಿಷ್ ಶಾಲೆಯಲ್ಲಿ ಬ್ರೌನಿಂಗ್‌ನ ಪೈಡ್ ಪೈಪರ್ ಕೇಳಿ ಬಂದ ಮಗುವಿಗೆ, ಅದನ್ನೇ ಆಧರಿಸಿ ಕುವೆಂಪು ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ರಾತ್ರಿ ನೀವು ಗಟ್ಟಿಯಾಗಿ ಓದಿ ಹೇಳಿ. ಇಲಿಗಳ ಸೈನ್ಯ ಮಗುವಿಗೆ ಆಗಲೇ ಪರಿಚಿತ, ಕನ್ನಡ ತಾನಾಗಿ ಒಳಗಿಳಿಯುತ್ತದೆ. ಸಬಾಹ್ ಆಸ್ಪತ್ರೆಗಳಲ್ಲಿ ನೈಟ್ ಡ್ಯೂಟಿ ಮಾಡುವ ತಾಯಂದಿರು ಕಥೆ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು ಹೋಗಬಹುದು. ಅಪ್ಪ ಪುಸ್ತಕ ತೆರೆದು ಅಮ್ಮನ ದನಿಯ ಜೊತೆ ಪುಟ ತಿರುಗಿಸಿದರೂ ಅದು ಓದೇ.

ಸೇರಿಸುವ ಮೊದಲು, ಸೇರಿಸಿದ ಮೇಲೆ

ಶಾಲೆ ನೋಡಲು ಹೋದಾಗ ಸ್ಮಾರ್ಟ್ ಬೋರ್ಡ್ ತೋರಿಸುತ್ತಾರೆ, ಈಜುಕೊಳ ತೋರಿಸುತ್ತಾರೆ. ನೀವು ಲೈಬ್ರರಿಗೆ ಕರೆದೊಯ್ಯಲು ಹೇಳಿ. ಪುಸ್ತಕಗಳ ಅಂಚು ಸವೆದಿವೆಯೇ ನೋಡಿ. ಹೊಸದಾಗಿಯೇ ಮಿನುಗುತ್ತಿದ್ದರೆ ಅವನ್ನು ಯಾರೂ ಮುಟ್ಟಿಲ್ಲ. ಆಮೇಲೆ ಇವನ್ನು ಕೇಳಿ: ನನ್ನ ಮಗು ವಾರಕ್ಕೆ ಎಷ್ಟು ಸಲ ಒಬ್ಬ ದೊಡ್ಡವರ ಮುಂದೆ ಗಟ್ಟಿಯಾಗಿ ಓದುತ್ತದೆ? ಟೀಚರ್ ಪಠ್ಯದ ಹೊರಗಿನ ಕಥೆ ಓದಿ ಹೇಳುವುದು ದಿನಾ ಇದೆಯೇ, ‘ಟೈಮ್ ಸಿಕ್ಕಿದಾಗ’ ಮಾತ್ರವೇ? ಹಿಂದೆ ಬಿದ್ದ ಮಗು ಎಂದು ಎಷ್ಟು ವಾರದೊಳಗೆ ಗುರುತಿಸುತ್ತೀರಿ, ಆಮೇಲೆ ಯಾರು ಕಲಿಸುತ್ತಾರೆ? ಈ ಕೊನೆಯ ಪ್ರಶ್ನೆಗೆ ‘ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿ’ ಎಂಬುದಷ್ಟೇ ಉತ್ತರವಾದರೆ ಇನ್ನೊಂದು ಶಾಲೆಯನ್ನೂ ನೋಡಿ ಬನ್ನಿ.

ಎರಡನೇ ತರಗತಿಯ ಅರ್ಧ ಕಳೆದರೂ ಅಕ್ಷರ ಕೂಡಿಸಲು ಬಾರದಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿ. ತೊಡಕು ಇಂಗ್ಲಿಷಿನಲ್ಲಿ ಮಾತ್ರ ಇದ್ದು ಮನೆಮಾತಿನಲ್ಲಿ ಕಥೆ ಸರಾಗ ಹೇಳುತ್ತಿದ್ದರೆ, ಕಲಿತ ಇನ್ನೊಂದು ಲಿಪಿಯನ್ನು ಓದುತ್ತಿದ್ದರೆ, ಇಂಗ್ಲಿಷಿನ ಬಳಕೆ ಸಾಲದಿರುವುದೇ ಕಾರಣವಿರಬಹುದು. ಎಲ್ಲ ಲಿಪಿಯಲ್ಲೂ ಅದೇ ತೊಡಕು, ಪ್ರಾಸ ಹಿಡಿಯಲೂ ಕಷ್ಟ ಎಂದಾದರೆ ತಜ್ಞರಿಂದ ತಪಾಸಣೆ ಮಾಡಿಸಿ. ಕುವೈತಿನಲ್ಲಿ ಡಿಸ್ಲೆಕ್ಸಿಯಾ ಸಂಘವೂ ಮಕ್ಕಳ ಕಲಿಕಾ ತೊಡಕಿನ ತಪಾಸಣಾ ಕೇಂದ್ರವೂ ಇವೆ. ಸೋಮಾರಿ ಎಂದು ಗದರಿಸಿ ಒಂದು ವರ್ಷ ಕಳೆದರೆ ಮಗುವಿಗೆ ಪುಸ್ತಕ ಕಂಡರೇ ಆಗದಂತಾಗುತ್ತದೆ.

ಊರಿಗೆ ಮರಳುವ ಯೋಚನೆ ಇರುವವರಿಗೆ ಇನ್ನೊಂದು ಮಾತು. ಕರ್ನಾಟಕದ ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರದು. 2017-18ರಿಂದ ಒಂದನೇ ತರಗತಿಯಿಂದ ಹಂತಹಂತವಾಗಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯ ಮಾಡಿತು. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳನ್ನೂ ಅದು ಬಿಟ್ಟಿಲ್ಲ. ಐದನೇ ತರಗತಿಗೆ ಮಂಗಳೂರಿಗೋ ಉಡುಪಿಗೋ ಹೋಗಿ ಸೇರುವ ಮಗುವಿನ ಮುಂದೆ ಅಲ್ಲಿನ ಮಕ್ಕಳು ನಾಲ್ಕು ವರ್ಷ ಕಲಿತ ಪುಸ್ತಕ ಇರುತ್ತದೆ. ಹೊರಡುವುದಕ್ಕೆ ಒಂದು ವರ್ಷ ಮುಂಚೆಯೇ ಸೇರಿಸಲಿರುವ ಶಾಲೆಗೆ ಫೋನ್ ಮಾಡಿ, ಅಲ್ಲಿ ಯಾವ ಕನ್ನಡ ಪುಸ್ತಕ ಬಳಸುತ್ತಾರೆ, ಹೊರದೇಶದಿಂದ ಬಂದವರಿಗೆ ಏನು ವ್ಯವಸ್ಥೆ ಇದೆ ಎಂದು ಕೇಳಿ ಬರೆದುಕೊಳ್ಳಿ. ಆ ಪುಸ್ತಕದ ಹಿಂದಿನ ತರಗತಿಯದ್ದನ್ನು ಇಳಿಸಿಕೊಂಡು ಅಲ್ಲಿಂದ ಶುರು ಮಾಡಿ.